ಬಾಣ ಮಾಡಿದವನ ಪಾಲು

ಒಂದು ಕೊಲೆಗೆ ಬೇಕಾದ ಕೆಲಸವನ್ನು ಹತ್ತು ಜನ ಹಂಚಿಕೊಂಡು ಮಾಡಿದರೆ ಪಾಪವೂ ಹತ್ತು ಪಾಲಾಗುತ್ತದೆಯೆ? ಈ ಪ್ರಶ್ನೆ ಬಹಳ ಕಾಲದಿಂದ ನನ್ನನ್ನು ಬಿಟ್ಟಿಲ್ಲ. ಇದು ನನಗೆ ಎದುರಾದದ್ದು ಕಾಲೇಜಿನಲ್ಲಿ ಪಾಠ ಹೇಳಲೆಂದು ಓದುತ್ತಿದ್ದ ಯುರೋಪಿನ ಮಧ್ಯಯುಗದ ಚರಿತ್ರೆಯಲ್ಲಿ. ಅದೂ ರಾಜರ ಮೂಲಕ ಅಲ್ಲ, ಒಂದೂವರೆ ಗೇಣು ಉದ್ದದ ಒಂದು ಮೋಟು ಬಾಣದ ಮೂಲಕ.

ಇಂಗ್ಲಿಷಿನಲ್ಲಿ ಕ್ರಾಸ್‌ಬೋ ಎನ್ನುವ ಆಯುಧವನ್ನು ನಾವು ಅಡ್ಡಬಿಲ್ಲು ಎನ್ನಬಹುದು. ಮರದ ದಿಮ್ಮಿಯೊಂದರ ತುದಿಗೆ ಬಿಲ್ಲನ್ನು ಅಡ್ಡಲಾಗಿ ಕಟ್ಟಿರುತ್ತಾರೆ. ಹೆದೆಯನ್ನು ಎಳೆದು ಒಂದು ಕೊಕ್ಕೆಗೆ ಸಿಕ್ಕಿಸಿದರೆ ಅದು ಅಲ್ಲೇ ನಿಲ್ಲುತ್ತದೆ. ಗುರಿ ಹಿಡಿದು ಕೆಳಗಿನ ಸನ್ನೆಯನ್ನು ಅದುಮಿದರೆ ಸಾಕು, ಬಾಣ ಹಾರುತ್ತದೆ. ಈ ಬಿಲ್ಲಿಗೆ ನಮ್ಮ ಪುರಾಣದ ನೀಳವಾದ ಬಾಣ ಹೊಂದುವುದಿಲ್ಲ. ಅಷ್ಟೊಂದು ಸೆಳೆತವನ್ನು ತಡೆಯಲು ಗಿಡ್ಡವಾದ, ದಪ್ಪವಾದ, ಗಟ್ಟಿ ಮರದ ಬಾಣ ಬೇಕು. ಹಿಂಬದಿಗೆ ಗರಿ, ಇಲ್ಲವೆ ತೊಗಲಿನ ಅಥವಾ ತೆಳು ಮರದ ಎರಡು ರೆಕ್ಕೆ. ಮುಂಬದಿಗೆ ನಾಲ್ಕು ಮುಖದ ಕಬ್ಬಿಣದ ಮೊನೆ. ನಾಲ್ಕು ಮುಖದ್ದಾದ್ದರಿಂದಲೇ ಫ್ರೆಂಚರು ಅದನ್ನು ಚೌಕ ಎಂಬ ಅರ್ಥದ ಶಬ್ದದಿಂದ ಕರೆದರು. ಅದರಿಂದ ಇಂಗ್ಲಿಷಿನ ಕ್ವಾರಲ್ ಬಂತು. ಜಗಳ ಎಂಬರ್ಥದ ಕ್ವಾರಲ್ಲಿಗೂ ಇದಕ್ಕೂ ಕಾಗುಣಿತ ಒಂದೇ ಆದರೂ ಮೂಲ ಬೇರೆ. ಇದಕ್ಕಿದ್ದ ಇನ್ನೊಂದು ಹೆಸರು ಬೋಲ್ಟ್. ನಾವು ದಿನವೂ ಆಡುವ ನಟ್ಟು ಬೋಲ್ಟಿನ ಬೋಲ್ಟೇ ಅದು. ಬಾಣದ ಅರ್ಥ ಮೊದಲಿನದು. ಬಾಗಿಲ ಅಗುಳಿಯೂ ಯಂತ್ರದ ತಿರುಪೂ ಆ ಹೆಸರನ್ನು ಆಮೇಲೆ ಪಡೆದವು.

ಉದ್ದಬಿಲ್ಲಿನಲ್ಲಿ ಪಳಗಲು ಹುಡುಗನಾಗಿದ್ದಾಗಿನಿಂದ ಅಭ್ಯಾಸ ಬೇಕು. ಅಡ್ಡಬಿಲ್ಲಿಗೆ ಕೆಲವು ವಾರ ಸಾಕು. ಅದು ನಿಧಾನದ ಆಯುಧ. ಬಲವಾದ ಬಿಲ್ಲಾದರೆ ನಿಮಿಷಕ್ಕೆ ಒಂದೆರಡು ಬಾಣ ಬಿಟ್ಟರೆ ಹೆಚ್ಚು. ಆದರೆ ಅದರ ಬಾಣ ಹತ್ತಿರದಿಂದ ಬಡಿದರೆ ಸರಪಣಿ ಹೆಣೆದ ಕವಚ ತಡೆಯುತ್ತಿರಲಿಲ್ಲ. ಮೊದಲ ಕ್ರುಸೇಡಿನ ಸೈನಿಕರು ಕಾನ್‌ಸ್ಟಾಂಟಿನೋಪಲ್ಲಿಗೆ ಬಂದಾಗ ಅವರ ಕೈಯಲ್ಲಿ ಈ ಬಿಲ್ಲನ್ನು ಕಂಡ ಚಕ್ರವರ್ತಿಯ ಮಗಳು ಆನಾ ಕೊಮ್ನೇನಾ ತನ್ನ ಚರಿತ್ರೆಯಲ್ಲಿ ಅದರ ವರ್ಣನೆ ಕೊಟ್ಟಿದ್ದಾಳೆ. ಬಿಲ್ಲುಗಾರ ಅಂಗಾತ ಮಲಗಿ, ಎರಡೂ ಕಾಲನ್ನು ಬಿಲ್ಲಿಗೆ ಒದೆಗೊಟ್ಟು, ಎರಡೂ ಕೈಯಿಂದ ಹೆದೆ ಎಳೆಯುತ್ತಿದ್ದನಂತೆ. ಇದು ಪಿಶಾಚದ ಯಂತ್ರ ಎಂಬುದು ಅವಳ ಅಭಿಪ್ರಾಯ.

ಅವಳೊಬ್ಬಳಿಗೇ ಹಾಗನ್ನಿಸಲಿಲ್ಲ. 1139ರಲ್ಲಿ ರೋಮಿನ ಲ್ಯಾಟರನ್ನಿನಲ್ಲಿ ಎರಡನೆಯ ಇನ್ನೊಸೆಂಟ್ ಪೋಪ್ ಕರೆದ ಧರ್ಮಸಭೆಯ ನಿಯಮಗಳಲ್ಲಿ ಇಪ್ಪತ್ತೊಂಬತ್ತನೆಯದು ಅಡ್ಡಬಿಲ್ಲಿನವರ ಮತ್ತು ಬಿಲ್ಲುಗಾರರ ವಿದ್ಯೆಯನ್ನು ಕುರಿತದ್ದು. ಅದು ಕೊಲ್ಲುವ ವಿದ್ಯೆ, ದೇವರಿಗೆ ಹೇಸಿಗೆಯಾದದ್ದು, ಅದನ್ನು ಬಳಸಿದವರಿಗೆ ಬಹಿಷ್ಕಾರ ಎಂದು ಸಭೆ ವಿಧಿಸಿತು. ಇಷ್ಟು ಓದಿದಾಗ ನನಗೆ ಸಂತೋಷವಾಯಿತು. ಆದರೆ ವಾಕ್ಯದಲ್ಲಿ ಇನ್ನೂ ಎರಡು ಪದಗಳಿದ್ದವು: ಕ್ರೈಸ್ತರ ಮೇಲೆ. ಕ್ರೈಸ್ತರ ಮೇಲೆ ಬಳಸಿದರೆ ಪಾಪ. ಉಳಿದವರ ಮೇಲೆ ಬಳಸಿದರೆ ಏನೆಂಬುದನ್ನು ಆ ನಿಯಮ ಹೇಳಲಿಲ್ಲ. ಹೇಳದೆ ಇದ್ದದ್ದೇ ಉತ್ತರವಾಯಿತು.

ಇದು ಕತ್ತಲ ಯುಗದ ಮಾತು, ಈಗ ನಾವು ಮುಂದುವರಿದಿದ್ದೇವೆ ಎಂದು ಯಾರಾದರೂ ಹೇಳಿದರೆ, ಅವರು 1899ರ ಹೇಗ್ ಸಮ್ಮೇಳನವನ್ನು ನೆನೆಯಬೇಕು. ಮೈಯೊಳಗೆ ಹೊಕ್ಕ ಮೇಲೆ ಅರಳಿ ಚಪ್ಪಟೆಯಾಗುವ ಗುಂಡನ್ನು ಅಲ್ಲಿ ನಿಷೇಧಿಸಿದರು. ಆ ಬಗೆಯ ಗುಂಡಿಗೆ ಹೆಸರು ಬಂದದ್ದು ಕಲ್ಕತ್ತೆಯ ಪಕ್ಕದ ಡಂ ಡಂ ಎಂಬ ಊರಿನ ಮದ್ದುಗುಂಡಿನ ಕಾರ್ಖಾನೆಯಿಂದ. ನಮ್ಮ ನೆಲದಲ್ಲೇ ತಯಾರಾಗುತ್ತಿತ್ತು. ಬ್ರಿಟನ್ನಿನ ಪ್ರತಿನಿಧಿ ಸರ್ ಜಾನ್ ಆರ್ಡಾ ಅಲ್ಲಿ ವಾದಿಸಿದ್ದೇನೆಂದರೆ, ನಾಗರಿಕ ಸೈನಿಕ ಗುಂಡು ತಗಲಿದರೆ ನಿಲ್ಲುತ್ತಾನೆ, ಕಾಡುಜನ ನಿಲ್ಲುವುದಿಲ್ಲ, ಅವರಿಗೆ ಈ ಗುಂಡು ಬೇಕು ಎಂದು. ನಿಷೇಧವೂ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು ತಮ್ಮತಮ್ಮೊಳಗೆ ಮಾಡುವ ಯುದ್ಧಕ್ಕೆ ಮಾತ್ರ ಅನ್ವಯಿಸಿತು. 1139ಕ್ಕೂ 1899ಕ್ಕೂ ನಡುವೆ ಏಳುನೂರ ಅರವತ್ತು ವರ್ಷ. ನಮ್ಮವರ ಮೇಲೆ ಬೇಡ ಎಂಬ ಮಾತು ಮಾತ್ರ ಹಾಗೇ ಉಳಿದಿತ್ತು.

ಲ್ಯಾಟರನ್ನಿನ ನಿಯಮವನ್ನು ರಾಜರು ಹೆಚ್ಚಾಗಿ ಪಾಲಿಸಲಿಲ್ಲ. ಕುದುರೆ, ಕವಚ, ವಂಶ, ಇಪ್ಪತ್ತು ವರ್ಷದ ತರಬೇತಿ ಇರುವ ನೈಟನನ್ನು ಯಾವುದೋ ಕೂಲಿಯವನು ಗೋಡೆಯ ಮರೆಯಿಂದ ಉರುಳಿಸುತ್ತಾನಲ್ಲ ಎಂಬ ಹೊಟ್ಟೆಯುರಿಯೇ ಆ ನಿಯಮಕ್ಕೆ ಕಾರಣ ಎನ್ನುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಸಾದಾ ಬಿಲ್ಲುಗಾರರನ್ನೂ ಅದೇ ನಿಯಮ ಸೇರಿಸಿಕೊಂಡಿದೆ. ಆದರೆ ಆ ಕೋಪ ಸುಳ್ಳಲ್ಲ. 1215ರ ಮ್ಯಾಗ್ನಾ ಕಾರ್ಟಾದಲ್ಲಿ ಜಾನ್ ದೊರೆ ಕೊಟ್ಟ ವಚನಗಳಲ್ಲಿ ಒಂದು, ಶಾಂತಿ ನೆಲೆಸಿದ ಕೂಡಲೆ ಪರದೇಶದ ನೈಟರನ್ನೂ ಅಡ್ಡಬಿಲ್ಲಿನವರನ್ನೂ ಕೂಲಿ ಸೈನಿಕರನ್ನೂ ರಾಜ್ಯದಿಂದ ಹೊರಗೆ ಕಳಿಸುತ್ತೇನೆ ಎಂಬುದು. ಎಲ್ಲರಿಗೂ ಬೇಕಾದವನು, ಯಾರಿಗೂ ಬೇಡದವನು ಈ ಬಿಲ್ಲುಗಾರ.

ಜಾನನ ಅಣ್ಣ ಸಿಂಹಹೃದಯ ರಿಚರ್ಡ್ ಈ ಬಾಣದಿಂದಲೇ ಸತ್ತ. 1199ರ ಮಾರ್ಚ್ 26ರ ಸಂಜೆ ಫ್ರಾನ್ಸಿನ ಶಾಲು ಎಂಬಲ್ಲಿನ ಒಂದು ಸಣ್ಣ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಮೈಮೇಲೆ ಕವಚವಿಲ್ಲದೆ ಸುತ್ತಾಡುತ್ತಿದ್ದ ದೊರೆಯ ಎಡ ಭುಜಕ್ಕೆ ಬಾಣ ನಾಟಿತು. ವೈದ್ಯ ಮೊನೆಯನ್ನು ತೆಗೆಯುವಾಗ ಮಾಂಸವನ್ನು ಸೀಳಿದ, ಗಾಯ ಕೊಳೆಯಿತು, ಏಪ್ರಿಲ್ 6ರಂದು ರಿಚರ್ಡ್ ತೀರಿಕೊಂಡ. ಬಾಣ ಬಿಟ್ಟವನನ್ನು ಹಾಸಿಗೆಯ ಬಳಿಗೆ ಕರೆಸಿದನೆಂದು ಒಂದು ವೃತ್ತಾಂತ ಹೇಳುತ್ತದೆ. ನನ್ನ ತಂದೆಯನ್ನೂ ಇಬ್ಬರು ಅಣ್ಣತಮ್ಮಂದಿರನ್ನೂ ನೀನು ಕೊಂದಿದ್ದೆ ಎಂದು ಅವನು ದೊರೆಗೇ ಹೇಳಿದನಂತೆ. ರಿಚರ್ಡ್ ಅವನನ್ನು ಕ್ಷಮಿಸಿ, ನೂರು ಶಿಲ್ಲಿಂಗ್ ಕೊಟ್ಟು ಕಳಿಸಲು ಹೇಳಿದ. ದೊರೆ ಸತ್ತ ಮೇಲೆ ಸೇನಾಪತಿ ಮರ್ಕಾಡಿಯೆ ಅವನ ಚರ್ಮ ಸುಲಿಸಿ ಕೊಲ್ಲಿಸಿದ. ಅವನ ಹೆಸರು ಏನೆಂಬುದರಲ್ಲಿ ಒಂದು ವೃತ್ತಾಂತಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲ.

ಕ್ಷಮೆಯ ಈ ಕಥೆ ನಿಜವೋ ಅಲ್ಲವೋ, ಅದರಲ್ಲಿ ಒಂದು ಅರ್ಥವಿದೆ. ಕೊಂದವನಿಗೆ ಒಂದು ಮುಖವಿತ್ತು, ಕೊಂದದ್ದಕ್ಕೆ ಒಂದು ಕಾರಣವಿತ್ತು. ಎದುರಿಗೆ ನಿಲ್ಲಿಸಿ ಕೇಳುವುದಕ್ಕೂ ಕ್ಷಮಿಸುವುದಕ್ಕೂ ಶಿಕ್ಷಿಸುವುದಕ್ಕೂ ಒಬ್ಬ ಮನುಷ್ಯನಿದ್ದ. ಆದರೆ ಆ ಬಾಣವನ್ನು ಯಾರು ಕೆತ್ತಿದ್ದರು, ಮೊನೆಯನ್ನು ಯಾರು ಬಡಿದಿದ್ದರು, ರೆಕ್ಕೆ ಯಾರು ಕಟ್ಟಿದ್ದರು, ಯಾರು ಹೊತ್ತು ಕೋಟೆಗೆ ತಂದಿಟ್ಟರು? ರಿಚರ್ಡ್ ಕೇಳಲಿಲ್ಲ. ಮರ್ಕಾಡಿಯೆಯೂ ಕೇಳಲಿಲ್ಲ. ನಾನು ಹಲವು ವರ್ಷ ಆ ಪಾಠ ಹೇಳಿದೆ. ಯಾವ ಹುಡುಗನೂ ಕೇಳಲಿಲ್ಲ. ಕೇಳದಿರುವುದು ಸಹಜ. ನನ್ನ ಪ್ರಶ್ನೆ ಹುಟ್ಟಿದ್ದು ಮಾತ್ರ ಅಲ್ಲೇ.

ಶಾಲುವಿನ ಬಾಣ ಮಾಡಿದವರು ಯಾರೆಂಬುದಕ್ಕೆ ದಾಖಲೆಯಿಲ್ಲದಿದ್ದರೂ, ಅಂಥ ಬಾಣ ಮಾಡಿದ ಒಬ್ಬನ ಹೆಸರು ಇದೆ. ಇಂಗ್ಲೆಂಡಿನ ಪಶ್ಚಿಮದಲ್ಲಿ ವೇಲ್ಸಿನ ಗಡಿಗೆ ತಗುಲಿಕೊಂಡು ಡೀನ್ ಎಂಬ ಅರಣ್ಯವಿದೆ. ಅಲ್ಲಿ ಕಬ್ಬಿಣದ ಅದಿರಿತ್ತು, ಇದ್ದಿಲು ಸುಡಲು ಮರವಿತ್ತು. ಅದರ ಅಂಚಿನ ಸೇಂಟ್ ಬ್ರಿಯಾವೆಲ್ಸ್ ಕೋಟೆ 13ನೆಯ ಶತಮಾನದಲ್ಲಿ ಇಡೀ ರಾಜ್ಯಕ್ಕೆ ಅಡ್ಡಬಿಲ್ಲಿನ ಬಾಣ ಒದಗಿಸುವ ಕಾರ್ಖಾನೆಯಾಗಿತ್ತು. ಮೂರನೆಯ ಹೆನ್ರಿಯ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದ ಕಮ್ಮಾರ ಜಾನ್ ಮಾಲ್ಮೋರ್ಟ್. ದಿನಕ್ಕೆ ನೂರು ಬಾಣದ ಲೆಕ್ಕ. ರೆಕ್ಕೆ ಕಟ್ಟುವವನಿಗೆ ಬೇರೆ ಕೂಲಿ. ಮಾಲ್ಮೋರ್ಟ್ ಎಂಬ ಶಬ್ದವನ್ನು ಬಿಡಿಸಿದರೆ ಫ್ರೆಂಚಿನಲ್ಲಿ ಕೆಟ್ಟ ಸಾವು ಎಂದಾಗುತ್ತದೆ. ಆ ಹೆಸರಿನ ಊರೊಂದು ಫ್ರಾನ್ಸಿನಲ್ಲಿದೆ. ಊರಿನಿಂದಲೇ ಬಂದ ಹೆಸರಿರಬಹುದು. ಇದರಲ್ಲಿ ವಿಧಿಯ ಆಟವನ್ನೇನೂ ಹುಡುಕಬೇಕಾಗಿಲ್ಲ.

ನಾನು ಅವನನ್ನು ಕಲ್ಪಿಸಿಕೊಳ್ಳಲು ಯತ್ನಿಸಿದ್ದೇನೆ. ಬೆಳಿಗ್ಗೆ ಕುಲುಮೆ ಹೊತ್ತಿಸುತ್ತಾನೆ. ಸಂಜೆಯ ಹೊತ್ತಿಗೆ ನೂರು ಮೊನೆ ಆಗಬೇಕು. ಒಂದೊಂದೂ ಇನ್ನೊಂದರ ಹಾಗೇ ಇರಬೇಕು, ಇಲ್ಲದಿದ್ದರೆ ಗುರಿ ತಪ್ಪುತ್ತದೆ. ಕೆಟ್ಟದಾಗಿ ಬಡಿದದ್ದನ್ನು ಮತ್ತೆ ಬೆಂಕಿಗೆ ಹಾಕುತ್ತಾನೆ. ಅವನು ಒಳ್ಳೆಯ ಕೆಲಸಗಾರನೇ ಇರಬೇಕು, ಇಲ್ಲವಾದರೆ ಅಷ್ಟು ವರ್ಷ ಇಟ್ಟುಕೊಳ್ಳುತ್ತಿರಲಿಲ್ಲ. ಅವನ ಬಾಣಗಳು ಪೀಪಾಯಿಗಳಲ್ಲಿ ತುಂಬಿ ಬೇರೆ ಬೇರೆ ಕೋಟೆಗಳಿಗೆ ಹೋದವು. ಯಾವ ಬಾಣ ಯಾರಿಗೆ ತಗಲಿತೆಂದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಬಾಣ ಬಿಡುವ ಕಡೆಯಲ್ಲೂ ಕೆಲಸ ಹಂಚಿಹೋಗಿತ್ತು. 1192ರಲ್ಲಿ ಪ್ಯಾಲೆಸ್ಟೈನಿನ ಜಾಫಾದಲ್ಲಿ ಸಲಾದಿನ್ನನ ಕುದುರೆ ಪಡೆ ಮೇಲೆ ಬಿದ್ದಾಗ ಇದೇ ರಿಚರ್ಡ್ ಈಟಿಯವರನ್ನು ಮೊಣಕಾಲೂರಿ ಕೂರಿಸಿ, ಅವರ ಹಿಂದೆ ಅಡ್ಡಬಿಲ್ಲಿನವರನ್ನು ಜೋಡಿಜೋಡಿಯಾಗಿ ನಿಲ್ಲಿಸಿದ. ಒಬ್ಬ ಹೆದೆ ಎಳೆದು ಬಾಣವಿಟ್ಟು ಕೊಡುವುದು, ಇನ್ನೊಬ್ಬ ಬಿಡುವುದು. ಹಿಂದಿನವನು ಯಾರನ್ನೂ ಕೊಲ್ಲಲಿಲ್ಲ. ಅವನು ಹೆದೆ ಎಳೆದ ಅಷ್ಟೆ. ಮುಂದಿನವನು ಸನ್ನೆ ಅದುಮಿದ ಅಷ್ಟೆ. ಆದರೂ ಸಂಜೆಯ ಹೊತ್ತಿಗೆ ಜನ ಸತ್ತಿದ್ದರು.

ನನ್ನ ತಂಗಿಯ ಮಗನೊಬ್ಬ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾನೆ. ಕೈ ಚುರುಕು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡುವವನಲ್ಲ. ಹಬ್ಬಕ್ಕೆ ಬಂದಾಗ ಅವನಿಗೆ ಮಾಲ್ಮೋರ್ಟನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಲ್ಲೂ ಹಾಗೇ ಮಾವ” ಎಂದ. “ಡ್ರಾಯಿಂಗ್ ಬರುತ್ತೆ, ಅಳತೆ ಬರುತ್ತೆ. ಯಾವುದಕ್ಕೆ ಅಂತ ಬರೋದಿಲ್ಲ. ಹಿತ್ತಾಳೆಯದು, ಹೆಬ್ಬೆಟ್ಟಿನಷ್ಟಿರುತ್ತೆ.”

“ಯಾವುದಕ್ಕೆ ಅಂತ ನಿನಗೆ ಗೊತ್ತಿಲ್ಲವೇನೊ?”

“ಯಾರೂ ಹೇಳಿಲ್ಲ. ಹೊರಗೆ ಹೋಗೋ ಪೆಟ್ಟಿಗೆ ಮೇಲಿನ ಗುರುತು ನೋಡಿದರೆ ಗೊತ್ತಾಗುತ್ತೆ. ಮದ್ದುಗುಂಡಿಗೆ ಹೋಗೋದು.”

ಅವನ ತಾಯಿ ಒಳಗಿನಿಂದ, ಹಬ್ಬದ ದಿನ ಇದೇನು ಮಾತು ಎಂದು ಗದರಿದಳು. ಅವನು ಬಿಡಲಿಲ್ಲ. “ಗಡೀಲಿ ನಿಂತವನು ಬರಿಗೈಲಿ ನಿಲ್ಲಬೇಕಾ ಮಾವ? ನಾನು ಬಿಟ್ಟರೆ ಆ ಮಿಷನ್ ಮುಂದೆ ನಾಳೆ ಇನ್ನೊಬ್ಬ ನಿಲ್ಲುತ್ತಾನೆ. ಅಷ್ಟಕ್ಕೂ ನೀವು ತೆರಿಗೆ ಕಟ್ಟೋದಿಲ್ಲವೆ? ನಿಮ್ಮ ಪಾಲು ಎಷ್ಟು?”

ಅವನು ಕೇಳಿದ್ದರಲ್ಲಿ ಮೂರು ವಾದಗಳಿವೆ. ಅವು ಅವನವಷ್ಟೇ ಅಲ್ಲ, ಮಾಲ್ಮೋರ್ಟನವೂ ಹೌದು. ಮೊದಲನೆಯದು ರಕ್ಷಣೆ. ಇದನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಅಡ್ಡಬಿಲ್ಲು ಕೋಟೆಯ ಗೋಡೆಯ ಮೇಲಿನ ಆಯುಧ. ಒಳಗಿದ್ದ ಹೆಂಗಸರು ಮಕ್ಕಳು ಎಷ್ಟೋ ಸಲ ಆ ಮೋಟು ಬಾಣಗಳಿಂದಲೇ ಉಳಿದರು. ಶಾಲುವಿನಲ್ಲಿ ಮನೆ ಕಾಯುತ್ತಿದ್ದವನು ಬಿಲ್ಲುಗಾರ, ಕದ ಒಡೆಯಲು ಬಂದವನು ದೊರೆ. ಆದರೆ ಪೀಪಾಯಿಗೆ ಅದು ಗೊತ್ತಿಲ್ಲ. ಒಂದೇ ಪೀಪಾಯಿಯ ಬಾಣ ಒಂದು ವರ್ಷ ಗೋಡೆ ಕಾಯುತ್ತದೆ, ಮರುವರ್ಷ ಬಡಪಾಯಿಗಳ ಮೇಲೆ ಬೀಳುತ್ತದೆ. 1361ರಲ್ಲಿ ಡೆನ್ಮಾರ್ಕಿನ ದೊರೆ ವಾಲ್ಡೆಮಾರ್ ಬಾಲ್ಟಿಕ್ ಸಮುದ್ರದ ಗಾಟ್ಲಂಡ್ ದ್ವೀಪಕ್ಕೆ ದಂಡೆತ್ತಿ ಬಂದಾಗ ವಿಸ್ಬಿ ಪಟ್ಟಣದ ಗೋಡೆಯ ಹೊರಗೆ ಅವನನ್ನು ಎದುರಿಸಿದವರು ರೈತರು. ಪಟ್ಟಣದವರು ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ರೈತರು ಸಾವಿರಗಟ್ಟಲೆ ಸತ್ತರು. 1905ರಿಂದ ಅವರ ಸಾಮೂಹಿಕ ಗೋರಿಗಳನ್ನು ಅಗೆದಾಗ ಮೂಳೆಗಳ ನಡುವೆ, ಕೆಲವು ತಲೆಬುರುಡೆಗಳ ಒಳಗೇ, ಬಾಣದ ಮೊನೆಗಳು ಸಿಕ್ಕವು. ಐದೂವರೆ ಶತಮಾನ ಕಳೆದರೂ ಯಾವನೋ ಕಮ್ಮಾರನ ಕೆಲಸ ಮುಕ್ಕಾಗಿರಲಿಲ್ಲ.

ಎರಡನೆಯ ವಾದ, ನಾನಲ್ಲದಿದ್ದರೆ ಇನ್ನೊಬ್ಬ ಎಂಬುದು. ಇದು ನಿಜವಾದ ಮಾತು, ಆದರೆ ಸಮಜಾಯಿಷಿಯಲ್ಲ. ನಾನು ಕದಿಯದಿದ್ದರೆ ಬೇರೆಯವನು ಕದಿಯುತ್ತಿದ್ದ ಎಂದರೆ ಯಾವ ನ್ಯಾಯಾಲಯವೂ ಕಳ್ಳನನ್ನು ಬಿಡುವುದಿಲ್ಲ. ಅಂಥ ಜಾಗದಲ್ಲಿ ನಿಂತವನನ್ನು ಯಜಮಾನನೂ ಅದೇ ಮಾತಿನಿಂದ ಅಳೆಯುತ್ತಾನೆಂಬುದನ್ನೂ ನೆನೆಯಬೇಕು. 1346ರಲ್ಲಿ ಕ್ರೆಸಿಯ ಬಯಲಿಗೆ ಫ್ರಾನ್ಸಿನ ದೊರೆ ಜಿನೋವಾದ ಕೂಲಿ ಬಿಲ್ಲುಗಾರರನ್ನು ನಡೆಸಿಕೊಂಡು ಬಂದ. ಅವರ ದೊಡ್ಡ ಗುರಾಣಿಗಳೂ ಹೆಚ್ಚಿನ ಬಾಣಗಳೂ ಹಿಂದೆ ಬರುತ್ತಿದ್ದ ಬಂಡಿಗಳಲ್ಲೇ ಉಳಿದಿದ್ದವು. ಇಂಗ್ಲಿಷರ ಉದ್ದಬಿಲ್ಲಿನ ಬಾಣದ ಮಳೆಗೆ ಅವರು ಹಿಂಜರಿದಾಗ, ದಾರಿಗೆ ಅಡ್ಡ ಬಂದರೆಂದು ಫ್ರಾನ್ಸಿನ ನೈಟರೇ ಅವರನ್ನು ಕಡಿದು ತುಳಿದು ಮುಂದೆ ಹೋದರು. ಬಾಣವಿಲ್ಲದ ಬಿಲ್ಲುಗಾರ ಅವರ ಪಾಲಿಗೆ ಮನುಷ್ಯನಾಗಿರಲಿಲ್ಲ. ನೀನಲ್ಲದಿದ್ದರೆ ಇನ್ನೊಬ್ಬ ಎಂಬ ಮಾತು ಹೋಗಿ ಮುಟ್ಟುವುದು ಅಲ್ಲಿಗೆ.

ಮೂರನೆಯದು ಪಾಲಿನ ಪ್ರಶ್ನೆ. ಎಲ್ಲರೂ ಸೇರಿ ಮಾಡಿದ್ದು, ನನ್ನದು ಎಷ್ಟು ಸಣ್ಣದು ಎಂಬುದು. ಇದಕ್ಕೆ ನಮ್ಮ ಹಿರಿಯರು ಬಹಳ ಹಿಂದೆಯೇ ಒಂದು ಕಥೆ ಹೇಳಿಟ್ಟಿದ್ದಾರೆ. ದಾರಿಹೋಕರನ್ನು ಕೊಂದು ಸಂಸಾರ ಸಾಕುತ್ತಿದ್ದ ಬೇಡನಿಗೆ ಋಷಿಗಳು, ನಿನ್ನ ಪಾಪದಲ್ಲಿ ಮನೆಯವರು ಪಾಲು ತೆಗೆದುಕೊಳ್ಳುತ್ತಾರೆಯೆ, ಕೇಳಿಕೊಂಡು ಬಾ ಎಂದರು. ಮನೆಯವರು, ಅನ್ನದಲ್ಲಿ ಪಾಲುಂಟು, ಪಾಪದಲ್ಲಿ ಇಲ್ಲ ಎಂದರು. ಅವನು ವಾಲ್ಮೀಕಿಯಾದದ್ದು ಆಮೇಲೆ. ಈ ಕಥೆಯನ್ನು ನಾವು ಬೇಡನ ಕಡೆಯಿಂದಲೇ ಕೇಳುತ್ತೇವೆ. ಮನೆಯವರ ಕಡೆಯಿಂದ ಕೇಳುವುದು ಅಪರೂಪ. ಅವರು ಹೇಳಿದ್ದು ಸರಿಯೆ? ಕೊಂದು ತಂದದ್ದನ್ನು ಉಂಡು, ಕೈ ತೊಳೆದುಕೊಂಡು, ನಮಗೆ ಸಂಬಂಧವಿಲ್ಲ ಎಂದರೆ ಮುಗಿಯಿತೆ? ನನ್ನ ಸೋದರಳಿಯ ನನ್ನ ತೆರಿಗೆಯ ಮಾತೆತ್ತಿದಾಗ ನಾನು ಆ ಮನೆಯವರ ಸಾಲಿನಲ್ಲಿ ಕುಳಿತಿದ್ದೆ.

ಪಾಪವನ್ನು ನಾವು ಬೆಲ್ಲದ ಅಚ್ಚಿನಂತೆ ಭಾವಿಸುತ್ತೇವೆ. ಹತ್ತು ಜನಕ್ಕೆ ಒಡೆದರೆ ಒಬ್ಬೊಬ್ಬನಿಗೂ ಚೂರು. ನನಗೆ ಅದು ದೀಪದಂತೆ ತೋರುತ್ತದೆ. ಒಂದರಿಂದ ಹತ್ತು ದೀಪ ಹಚ್ಚಿದರೆ ಮೊದಲನೆಯದು ಕುಂದುವುದಿಲ್ಲ, ಹತ್ತನೆಯದು ಸಣ್ಣದಾಗುವುದಿಲ್ಲ. ಆದರೆ ಎಲ್ಲ ದೀಪಗಳೂ ಒಂದೇ ಎಂದೂ ನಾನು ಹೇಳಲಾರೆ. ಮಾಲ್ಮೋರ್ಟ್ ಕೊಲೆಗಾರನಲ್ಲ. ನನ್ನ ತಂಗಿಯ ಮಗನೂ ಅಲ್ಲ. ಅವರ ಮೇಲಿರುವುದು ಬೇರೊಂದು ಹೊಣೆ, ಅದು ತಿಳಿದಿರುವ ಹೊಣೆ. ತಾನು ಮಾಡುತ್ತಿರುವುದು ಏನು, ಅದು ಎಲ್ಲಿಗೆ ಹೋಗುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬುದನ್ನು ಕೇಳುತ್ತಲೇ ಇರುವುದು. ತಿಳಿದ ಮೇಲೆ ತಿಳಿಯದವನಂತೆ ಇರದಿರುವುದು. ಹೋಗಬಾರದ ಕಡೆಗೆ ಹೋಗುತ್ತಿದೆ ಎಂದು ಖಚಿತವಾದ ದಿನ ಸುತ್ತಿಗೆ ಕೆಳಗಿಡಲು ಸಿದ್ಧವಾಗಿರುವುದು. 13ನೆಯ ಶತಮಾನದ ಕಮ್ಮಾರನಿಗೆ ಹಾಗೆ ಕೇಳುವ ಅವಕಾಶ ಎಷ್ಟಿತ್ತೋ. ಓಟು ಹಾಕುವ, ಪತ್ರಿಕೆ ಓದುವ ನಮಗೆ ಅವನಿಗಿಂತ ಹೆಚ್ಚಿದೆ.

ಬಾಣಕ್ಕೆ ಹೆಸರಿದ್ದ ಕಥೆಗಳೂ ಇವೆ. ನಮ್ಮ ಭಾರತದಲ್ಲಿ ಯಾವ ಅಸ್ತ್ರ ಯಾರು ಕೊಟ್ಟದ್ದು, ಯಾರಿಗಾಗಿ ಕಾದಿಟ್ಟದ್ದು ಎಂಬುದೆಲ್ಲ ಕಥೆಯ ಭಾಗ. ಸರ್ಪಾಸ್ತ್ರವನ್ನು ಎರಡನೆಯ ಸಲ ಹೂಡಲಾರೆ ಎಂದ ಕರ್ಣನಿಗೆ ತನ್ನ ಬಾಣ ಯಾವುದೆಂದು ಗೊತ್ತಿತ್ತು. ಸ್ವಿಟ್ಜರ್ಲೆಂಡಿನವರ ಕಥೆಯ ವಿಲಿಯಂ ಟೆಲ್ ಮಗನ ತಲೆಯ ಮೇಲಿನ ಸೇಬಿಗೆ ಅಡ್ಡಬಿಲ್ಲು ಹೂಡುವಾಗ ಇನ್ನೊಂದು ಬಾಣವನ್ನೂ ತೆಗೆದಿಟ್ಟುಕೊಂಡಿದ್ದ. ಯಾಕೆಂದು ಕೇಳಿದ ಅಧಿಕಾರಿಗೆ, ಮಗನಿಗೆ ತಗಲಿದ್ದರೆ ಅದು ನಿನಗೆ ಎಂದು ಹೇಳಿದ. ಸರಿಯೋ ತಪ್ಪೋ, ಆ ಬಾಣದ ಲೆಕ್ಕ ಕೊಡಲು ಅವನು ಅಲ್ಲೇ ನಿಂತಿದ್ದ. ಪೀಪಾಯಿಯಲ್ಲಿ ಹೋಗುವ ಬಾಣಕ್ಕೆ ಹಾಗೆ ನಿಲ್ಲುವವರಿಲ್ಲ. ಇಲ್ಲದಂತೆ ಮಾಡುವುದೇ ಆ ಏರ್ಪಾಡಿನ ಗುಣ. ಕುಲುಮೆಯಿಂದ ಕೋಟೆಯವರೆಗೆ ಪ್ರತಿಯೊಬ್ಬನೂ ಒಳ್ಳೆಯ ಕೆಲಸಗಾರ, ಸಂಸಾರಸ್ಥ. ಕೊನೆಯಲ್ಲಿ ಬಿದ್ದವನು ಮಾತ್ರ ಸತ್ತಿರುತ್ತಾನೆ.

ಆ ಹಬ್ಬದ ದಿನ ನಾನು ಹುಡುಗನಿಗೆ ಕೆಲಸ ಬಿಡು ಎಂದು ಹೇಳಲಿಲ್ಲ. ಹೇಳುವ ಅಧಿಕಾರ ನನಗಿದೆಯೆಂದು ಅನ್ನಿಸಲಿಲ್ಲ. ಪೆಟ್ಟಿಗೆಯ ಮೇಲಿನ ಗುರುತನ್ನು ಓದುವುದನ್ನು ಬಿಡಬೇಡ ಎಂದಷ್ಟೇ ಹೇಳಿದೆ. ಅವನು, “ಓದಿ ಏನು ಮಾಡಲಿ ಮಾವ?” ಎಂದ. “ಮೊದಲು ಓದು” ಎಂದೆ. ಅದಕ್ಕಿಂತ ಹೆಚ್ಚಿನದು ಇಂದಿಗೂ ನನಗೆ ಹೊಳೆದಿಲ್ಲ.

ಚರಿತ್ರೆಯ ಒಂದು ವಿಚಿತ್ರವನ್ನು ಮಾತ್ರ ಹೇಳಿ ಮುಗಿಸುತ್ತೇನೆ. ದೊರೆಯನ್ನು ಕೊಂದವನ ಹೆಸರು ಏನೆಂದು ಬರೆದವರಿಗೇ ಖಚಿತವಿರಲಿಲ್ಲ. ಕೋಟೆಯ ಮೂಲೆಯಲ್ಲಿ ದಿನಕ್ಕೆ ನೂರರಂತೆ ಬಾಣ ಬಡಿದ ಕಮ್ಮಾರನ ಹೆಸರು ಮಾತ್ರ ಇಂದಿಗೂ ಸ್ಪಷ್ಟವಾಗಿದೆ. ಅವನನ್ನು ಯಾವ ಕವಿಯೂ ನೆನೆಯಲಿಲ್ಲ, ಯಾವ ನ್ಯಾಯಾಧೀಶನೂ ಕರೆಸಲಿಲ್ಲ. ಕೂಲಿ ಕೊಟ್ಟವರು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರು, ಅದರಿಂದ ಉಳಿಯಿತು.